ವೀಲಿಂಗ್ ಕಲಿಯಬೇಕಾ, ಬೇಡವಾ?

ಪರ
*(ಪುಣೆ ಹತ್ತಿರದ ಭೋಸರಿಯಲ್ಲಿ ಟೂ-ವೀಲರ್ ಗ್ಯಾರೇಜ್ ನಡೆಸುವ ವಿಜಯಪುರ ಕಡೆಯ ಮೆಕ್ಯಾನಿಕ್)*

ಮೊದಲೇ ಒಂದು ಮಾತು. ರಸ್ತೆಯಲ್ಲಿ ವೀಲಿಂಗ್ ಮಾಡುವವರ ಪರವಾಗಿ ನಾನು ಬರೆಯುತ್ತಿಲ್ಲ. ರಾತ್ರಿ ಹೈವೇ ಮೇಲೆ ಗಾಡಿ ಎಬ್ಬಿಸಿಕೊಂಡು ಹೋಗುವವರನ್ನು ಪೊಲೀಸರು ಹಿಡಿದರೆ ನನಗೇನೂ ಬೇಜಾರಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು. ನನ್ನನ್ನು ಕೇಳಿರುವುದು ಕಲಿಯಬೇಕಾ ಬೇಡವಾ ಅಂತ. ಖಾಲಿ ಜಾಗ, ಹಳೇ ಗಾಡಿ, ತಲೆಗೆ ಹೆಲ್ಮೆಟ್, ಮೊಣಕೈ ಮೊಣಕಾಲಿಗೆ ಗಾರ್ಡ್ ಇದ್ದರೆ ಧಾರಾಳವಾಗಿ ಕಲಿಯಿರಿ. ಕಲಿತವನು ಕಲಿಯದವನಿಗಿಂತ ಒಳ್ಳೆಯ ಸವಾರ ಆಗುತ್ತಾನೆ.

ವೀಲಿಂಗ್ ಅಂದರೆ ಮುಂದಿನ ಗಾಲಿ ಎತ್ತುವುದು ಅಂತ ಜನ ತಿಳಿದಿದ್ದಾರೆ. ಎತ್ತುವುದು ದೊಡ್ಡ ಮಾತಲ್ಲ. ಇಳಿಸುವುದು ಗೊತ್ತಿರಬೇಕು. ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಬಲಗಾಲಿನ ವಿಷಯ. ಪಾದದ ತುದಿ ಸದಾ ಹಿಂದಿನ ಬ್ರೇಕ್ ಪೆಡಲ್ ಮೇಲೇ ಇರಬೇಕು. ಗಾಲಿ ಒಂದು ಗೇಣು ಎದ್ದರೆ ಸಾಕು, ಬ್ರೇಕ್ ಒತ್ತಿ ಇಳಿಸಬೇಕು. ಮತ್ತೆ ಎತ್ತಬೇಕು, ಮತ್ತೆ ಇಳಿಸಬೇಕು. ವಾರಗಟ್ಟಲೆ ಇಷ್ಟೇ ಪಾಠ. ಅರ್ಧ ಜನ ಇಲ್ಲಿಗೇ ಬೇಸತ್ತು ಬಿಟ್ಟು ಹೋಗುತ್ತಾರೆ. ಹೋಗಲಿ, ಅವರಿಗೆ ಇದು ಬೇಡ.

ಬ್ರೇಕಿಗೆ ಇಷ್ಟು ಮಹತ್ವ ಯಾಕೆ ಅಂದರೆ, ಹೆದರಿದ ಮನುಷ್ಯ ಹ್ಯಾಂಡಲ್ ಬಿಗಿಯಾಗಿ ಹಿಡಿದು ಹಿಂದಕ್ಕೆ ವಾಲುತ್ತಾನೆ. ವಾಲಿದಾಗ ಮುಷ್ಟಿ ತಾನಾಗಿ ತಿರುಗಿ ರೇಸ್ ಇನ್ನೂ ಜಾಸ್ತಿ ಆಗುತ್ತದೆ. ಗಾಡಿ ಮಗುಚುವುದು ಹೀಗೆ. ಕಾಲಿಗೆ ಅಭ್ಯಾಸ ಆಗಿದ್ದರೆ ತಲೆ ಯೋಚಿಸುವುದಕ್ಕೆ ಮುಂಚೆಯೇ ಬ್ರೇಕ್ ಬಿದ್ದಿರುತ್ತದೆ.

ಆಮೇಲೆ ಕ್ಲಚ್. ನಮ್ಮ 150 ಸಿಸಿ ಗಾಡಿಗಳು ಬರೀ ರೇಸ್ ಕೊಟ್ಟರೆ ಏಳುವುದಿಲ್ಲ. ಫಸ್ಟ್ ಗೇರಿನಲ್ಲಿ ನಿಧಾನ ಹೋಗುತ್ತಾ ಕ್ಲಚ್ ಹಿಡಿದು, ಇಂಜಿನ್ ಸ್ವಲ್ಪ ಏರಿಸಿ, ಕ್ಲಚ್ ಬಿಡಬೇಕು. ಹ್ಯಾಂಡಲ್ ಎಳೆಯುವ ಹಾಗಿಲ್ಲ, ಮೈಯ ತೂಕ ಹಿಂದಕ್ಕೆ ಹೋದರೆ ಸಾಕು. ಗಾಲಿ ಏರುತ್ತಾ ಏರುತ್ತಾ ಒಂದು ಜಾಗ ಬರುತ್ತದೆ. ಅದಕ್ಕೆ ಬ್ಯಾಲೆನ್ಸ್ ಪಾಯಿಂಟ್ ಅನ್ನುತ್ತಾರೆ. ಅಲ್ಲಿ ಗಾಡಿಯದೂ ನಿಮ್ಮದೂ ತೂಕವೆಲ್ಲ ಹಿಂದಿನ ಆಕ್ಸಲ್ ಮೇಲೆ ನೇರ ನಿಲ್ಲುತ್ತದೆ. ಅದಕ್ಕಿಂತ ಮುಂಚೆ ರೇಸ್ ಬಿಟ್ಟರೆ ಗಾಲಿ ಇಳಿಯುತ್ತದೆ. ಅದನ್ನು ದಾಟಿದರೆ ಹಿಂದಿನ ಬ್ರೇಕ್ ಒಂದೇ ಗತಿ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಬ್ಯಾಲೆನ್ಸ್ ಪಾಯಿಂಟ್ ಮುಟ್ಟದವನು ಗಾಲಿ ಮೇಲೇ ಇರಬೇಕಾದರೆ ಸ್ಪೀಡ್ ಏರಿಸುತ್ತಲೇ ಇರಬೇಕು. ಏರಿಸುವುದು ನಿಂತರೆ ಗಾಲಿ ಇಳಿಯಿತು. ರಸ್ತೆಯಲ್ಲಿ ಹುಡುಗರು ಬಾಣದ ವೇಗದಲ್ಲಿ ಹೋಗುವುದು ಈ ಕಾರಣಕ್ಕೆ. ಅವರಿಗೆ ಪೂರ್ತಿ ಬರುವುದಿಲ್ಲ. ಪೂರ್ತಿ ಬಂದವನು ನಡೆಯುವ ವೇಗದಲ್ಲಿ ಗಾಡಿ ನಿಲ್ಲಿಸಿಕೊಂಡು ಸುತ್ತು ಹಾಕುತ್ತಾನೆ. ಅಂದರೆ ಅಪಾಯ ಇರುವುದು ಅರ್ಧ ಕಲಿತವರಿಂದ. ಹಾಗಾದರೆ ಪೂರ್ತಿ ಕಲಿಸಿ ಅಂತ ನಾನು ಹೇಳಿದರೆ ತಪ್ಪೇನು?

ನನ್ನ ಗ್ಯಾರೇಜಿನಲ್ಲಿ ಇಂಡಿ ಕಡೆಯ ಒಬ್ಬ ಹುಡುಗ ಇದ್ದಾನೆ. ಬಂದಾಗ ಅವನಿಗೆ ರೀಲ್ಸ್ ಹುಚ್ಚು. "ಅಣ್ಣಾ, ಲಗೂನ ಕಲಸ್ರಿ, ಹೈವೇದಾಗ ಒಂದ ವಿಡಿಯೋ ಮಾಡಿ ಬಿಟ್ಟಬಿಡ್ತೀನಿ" ಅನ್ನುತ್ತಿದ್ದ. ಗುಜರಿಗೆ ಹೋಗಬೇಕಿದ್ದ ಒಂದು ಹಳೇ ಪಲ್ಸರ್ ಕೊಟ್ಟೆ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಪೈಪ್ ಬಗ್ಗಿಸಿ ಗಾಡಿ ಹಿಂದೆ ಗಟ್ಟಿ ಗಾರ್ಡ್ ಹಾಕಿಕೊಟ್ಟ. ಗಾಡಿ ಪೂರ್ತಿ ಹಿಂದಕ್ಕೆ ಹೋದರೆ ಆ ಪೈಪ್ ನೆಲಕ್ಕೆ ತಾಗುತ್ತದೆ. ಸ್ಟಂಟ್ ಮಾಡುವವರು ಇದನ್ನು ಟ್ವೆಲ್ವ್ ಓ ಕ್ಲಾಕ್ ಬಾರ್ ಅನ್ನುತ್ತಾರೆ. ಹುಡುಗ ಭಾನುವಾರ ಭಾನುವಾರ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ಒಂದು ಮುಚ್ಚಿದ ಕಾರ್ಖಾನೆಯ ಅಂಗಳದಲ್ಲಿ ಮಾಲೀಕರನ್ನು ಕೇಳಿಕೊಂಡು ಕಲಿತ. ಈಗ ಚೆನ್ನಾಗಿ ಬರುತ್ತದೆ. ಹೈವೇ ವಿಡಿಯೋ ಮಾತ್ರ ಮಾಡಲಿಲ್ಲ. ಯಾಕಪ್ಪಾ ಅಂದರೆ, "ಅಲ್ಲಿ ಜೋರಾಗಿ ಹೋಗಬೇಕಲ್ರೀ, ನಿಧಾನ ಮಾಡೂದ್ರಾಗ ಮಜಾ ಐತಿ" ಅಂದ. ನಿಜವಾದ ವೀಲಿ ನೋಡುವವರಿಗೆ ಬೋರ್. ಮಾಡುವವನಿಗೆ ಮಾತ್ರ ಅದರ ರುಚಿ ಗೊತ್ತು.

ಇದರಿಂದ ಉಪಯೋಗ ಏನು ಅಂತ ಕೇಳುತ್ತೀರಿ. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿಗೆ ಹೋಗಿ ನೋಡಿ. ಕೆಸರು, ಗುಂಡಿ, ರಸ್ತೆಗೆ ಅಡ್ಡ ಹರಿಯುವ ನೀರು. ಕ್ಲಚ್ ಮತ್ತು ಹಿಂದಿನ ಬ್ರೇಕ್ ಕೈಕಾಲಿಗೆ ಹತ್ತಿರುವವನು ಆರಾಮಾಗಿ ಬರುತ್ತಾನೆ. ಆರ್‌ಟಿಓದಲ್ಲಿ 8 ಹಾಕಿ ಲೈಸೆನ್ಸ್ ತೆಗೆದುಕೊಂಡವನು ಎರಡೂ ಕಾಲು ಇಳಿಬಿಟ್ಟುಕೊಂಡು ಒದ್ದಾಡುತ್ತಾನೆ. ಮಣ್ಣಿನ ದಾರಿಯಲ್ಲಿ ಮುಂದಿನ ಗಾಲಿ ಹಗುರ ಮಾಡಿ ಕಲ್ಲು ದಾಟಿಸುವುದು ಮೂಲ ವಿದ್ಯೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಮರಳು-ಕಲ್ಲಿನ ದಾರಿಯ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅವರು ಬೆಳೆದಿದ್ದು ದಿಬ್ಬಗಳ ಮೇಲಿಂದ ಗಾಡಿ ಹಾರಿಸುವ ಮೋಟೋಕ್ರಾಸ್, ಸೂಪರ್‌ಕ್ರಾಸ್ ಮಣ್ಣಿನಲ್ಲಿ. 2024ರ ಜನವರಿಯಲ್ಲಿ ಇದೇ ಪುಣೆಯ ಬಾಲೇವಾಡಿಯಲ್ಲಿ ಸೂಪರ್‌ಕ್ರಾಸ್ ಲೀಗಿನ ಮೊದಲ ರೇಸ್ ನಡೆಯಿತು. ಜನ ಟಿಕೆಟ್ ತೆಗೆದುಕೊಂಡು ಸಂಸಾರ ಸಮೇತ ಹೋಗಿ ಚಪ್ಪಾಳೆ ತಟ್ಟಿದರು. ಅಲ್ಲಿ ಗಾಲಿ ನೆಲ ಬಿಟ್ಟರೆ ಕ್ರೀಡೆ, ನಮ್ಮ ಹುಡುಗ ಬಿಟ್ಟರೆ ಪುಂಡಾಟ!

ಸೈನ್ಯದ್ದೂ ಹಾಗೇ. ಬೆಂಗಳೂರಿನ ಟೊರ್ನಾಡೋಸ್ ತಂಡ 2017ರಲ್ಲಿ ಯಲಹಂಕದಲ್ಲಿ ಒಂದೇ ಎನ್‌ಫೀಲ್ಡ್ ಮೇಲೆ 58 ಜನ ಕೂತು ದಾಖಲೆ ಮಾಡಿತು. ಎಲ್ಲರ ಎದೆ ಉಬ್ಬಿತು. 1991ರಲ್ಲಿ ಜಪಾನಿನ ಯಸುಯುಕಿ ಕುಡೋ 216 ಸಿಸಿ ಹೋಂಡಾ ಮೇಲೆ ಹಿಂದಿನ ಗಾಲಿಯಲ್ಲೇ 331 ಕಿಲೋಮೀಟರ್ ಹೋದ, ಒಂದು ಸಲವೂ ಮುಂದಿನದನ್ನು ಇಳಿಸದೆ. ಪುಣೆಯಿಂದ ಹೆಚ್ಚುಕಡಿಮೆ ಬೆಳಗಾವಿ ಆಯಿತು. ಅಷ್ಟು ಏಕಾಗ್ರತೆ ಇರುವವನನ್ನು ಬೇಜವಾಬ್ದಾರಿ ಅನ್ನುತ್ತೀರಾ?

ವಿರೋಧ ಮಾಡುವವರು ಯಾರು ಅಂತ ನನಗೆ ಗೊತ್ತು. ಹೆಲ್ಮೆಟ್ಟನ್ನು ಸ್ಕೂಟರ್ ಕನ್ನಡಿಗೆ ನೇತುಹಾಕಿ, ಒನ್-ವೇಯಲ್ಲಿ ಎದುರಿಗೆ ಬಂದು, ನಮಗೇ "ಹಳೂ ಚಾಲವಾ" (ನಿಧಾನ ಓಡಿಸಿ) ಅನ್ನುವ ಕಾಕಾಗಳು. 2019ರಲ್ಲಿ ಪೊಲೀಸರು ಹೆಲ್ಮೆಟ್ ಕಡ್ಡಾಯ ಬಿಗಿ ಮಾಡಿದಾಗ ಬೀದಿಗಿಳಿದು ಪ್ರತಿಭಟನೆ ಮಾಡಿದ ಊರು ಇದು. ನನ್ನ ಹುಡುಗ ಬರೀ ಚೈನ್ ಬಿಗಿ ಮಾಡಿ ಟ್ರಯಲ್ ನೋಡುವುದಕ್ಕೂ ಹೆಲ್ಮೆಟ್ ಹಾಕುತ್ತಾನೆ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಕ್ಲಚ್ ಪ್ಲೇಟ್ ಬೇಗ ಹೋಗುತ್ತದೆ. ದಪ್ಪಂತ ಇಳಿಸಿದರೆ ಫೋರ್ಕಿನ ಆಯಿಲ್ ಸೀಲ್ ಹೋಗುತ್ತದೆ, ಹ್ಯಾಂಡಲ್ ತಿರುಗಿಸುವ ಬೇರಿಂಗ್ ಅಂದರೆ ಕೋನ್ ಸೆಟ್ ಹೋಗುತ್ತದೆ. ಚೈನ್ ಸಡಿಲಾಗುತ್ತದೆ. ತುಂಬಾ ಹೊತ್ತು ನೆಟ್ಟಗೆ ನಿಲ್ಲಿಸಿದರೆ ಆಯಿಲ್ ಹಿಂದಕ್ಕೆ ಸರಿದು ಇಂಜಿನ್ ಒಣಗುವ ಅಪಾಯವೂ ಇದೆ. ಅಪ್ಪ ಸಾಲ ಮಾಡಿ ಕೊಡಿಸಿದ ಹೊಸ ಡ್ಯೂಕ್ ತಂದು "ಇದರಲ್ಲೇ ಕಲಿಯುತ್ತೇನೆ" ಅನ್ನುವವರನ್ನು ನಾನು ವಾಪಸ್ ಕಳಿಸುತ್ತೇನೆ. ನಾನಾ ಪೇಠೆಯಲ್ಲಿ ಪಾರ್ಟ್ಸ್ ಸಿಗುವ ಹಳೇ ಗಾಡಿ ಸಾಕು.

ಬಜಾಜ್ ಪಲ್ಸರ್ 2001ರಲ್ಲಿ ಬಂದಿದ್ದು ಈ ನೆಲದಿಂದ. ಕೆಟಿಎಂ ಡ್ಯೂಕ್ ತಯಾರಾಗುವುದು ಇಲ್ಲೇ ಚಾಕಣದಲ್ಲಿ. ಇಷ್ಟು ಗಾಡಿ ಮಾಡಿ ದೇಶಕ್ಕೆ ಮಾರುವ ಊರಿನಲ್ಲಿ, ಹುಡುಗರು ದುಡ್ಡು ಕಟ್ಟಿ, ಹೇಳಿಕೊಡುವವರ ಕಣ್ಣೆದುರು ಕಲಿಯುವುದಕ್ಕೆ ಒಂದು ಕಾಂಕ್ರೀಟ್ ಅಂಗಳ ಬೇಕು. ಅದನ್ನು ಪಿಂಪ್ರಿ-ಚಿಂಚವಡ ಪಾಲಿಕೆ ಮಾಡಿಕೊಡಲಿ. ವಾರಕ್ಕೊಂದು ದಿನ ಪುಕ್ಕಟೆ ಹೇಳಿಕೊಡಲು ನಾನು ತಯಾರಿದ್ದೇನೆ.

ವಿರೋಧ
*(ವಾಹನ ವಿಮೆಯ ಕ್ಲೇಮ್ ವಿಭಾಗದಿಂದ ನಿವೃತ್ತರಾದ, ಧಾರವಾಡ ಮೂಲದ, ಪುಣೆಯ ಕೊಥ್ರೂಡ್ ನಿವಾಸಿ)*

ಸಂಪಾದಕರು ಫೋನ್ ಮಾಡಿ, "ಮೇಡಂ, ಪರ ಬರೆಯುವವರು ಸಿಕ್ಕಿದ್ದಾರೆ, ವಿರೋಧಕ್ಕೆ ಜನ ಇಲ್ಲ, ನೀವು ಇನ್ಶೂರೆನ್ಸ್‌ನಲ್ಲಿ ಇದ್ದವರು" ಅಂದರು. ಆಗಲಿ ಅಂದೆ. ವೀಲಿಂಗ್ ಬೇಡ ಅನ್ನುವುದಕ್ಕೂ ಒಂದು ಲೇಖನ ಬೇಕಾ ಅನ್ನಿಸಿತ್ತು. ಪರದವರು ಗ್ಯಾರೇಜ್ ಮಾಲೀಕರಂತೆ. ಅವರ ಬರಹವನ್ನು ನನಗೆ ತೋರಿಸಿಲ್ಲ. ಆದರೂ ಗ್ಯಾರೇಜಿನವರು ವೀಲಿಂಗ್ ಪರ ಅಂದರೆ ಯಾರಿಗೆ ಲಾಭ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನನಗೆ ಗೊತ್ತಿರುವುದು ಕಾಗದಪತ್ರದ ಕಡೆ. ಅದನ್ನೇ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಗೆ ಸಂಬಂಧಪಟ್ಟಿದ್ದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಇದು ಕಮ್ಮಿಯಾಯಿತು ಅಂತ ಕೋರ್ಟಿಗೇ ಅನ್ನಿಸಿದೆ. 2025ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ವೀಲಿಂಗ್ ಕೇಸಿನಲ್ಲಿ ಜಾಮೀನು ಕೊಡದೆ, ಕಾನೂನು ಇನ್ನೂ ಬಿಗಿ ಮಾಡಿ ಅಂತ ಸರ್ಕಾರಕ್ಕೆ ಹೇಳಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟಿನಿಂದ ಇನ್ನೊಂದು ಆದೇಶ ಬಂತು. ತಾನೇ ಅಡ್ಡಾದಿಡ್ಡಿ ಕಾರು ಓಡಿಸಿ ಸತ್ತ ಒಬ್ಬರ ಮನೆಯವರು ಪರಿಹಾರ ಕೇಳಿದ್ದರು. ವಿಮಾ ಕಂಪನಿ ಕೊಡಬೇಕಾಗಿಲ್ಲ ಅಂತ ಆಯಿತು. ಕ್ಲೇಮ್ ಟೇಬಲ್ಲಿನ ಆಚೆ ಬದಿ ಕೂತು ಅಳುವ ತಾಯಂದಿರನ್ನು ನಾನು ನೋಡಿದ್ದೇನೆ. ಅವರ ಮುಂದೆ ಈ ಆದೇಶ ಓದಿ ಹೇಳುವ ಕೆಲಸ ಈಗ ನನ್ನದಲ್ಲ, ಪುಣ್ಯ.

ಕಲಿಯುವುದು ಬೇರೆ, ರಸ್ತೆಯಲ್ಲಿ ಮಾಡುವುದು ಬೇರೆ ಅಂತ ಆ ಕಡೆಯವರು ಹೇಳಿಯೇ ಹೇಳುತ್ತಾರೆ. ಈಜು ಕಲಿತವನು ಬಾವಿ ಕಂಡರೆ ಸುಮ್ನೆ ಇರುತ್ತಾನಾ? ಸೈನ್ಯದವರ ಉದಾಹರಣೆಯನ್ನೂ ಕೊಡುತ್ತಾರೆ. ಸೈನ್ಯದವರ ಆಟ ನನಗೂ ಇಷ್ಟ, ಟಿವಿಯಲ್ಲಿ ಬಂದರೆ ಕೂತು ನೋಡುತ್ತೇನೆ. ಆದರೆ ಅವರ ಪಕ್ಕದಲ್ಲಿ ಡಾಕ್ಟರ್, ಆಂಬುಲೆನ್ಸ್ ನಿಂತಿರುತ್ತದೆ.

ಇದು ವಯಸ್ಸಿನ ಹುಚ್ಚು ಅಂತಲೂ ನಾನು ನಂಬುವುದಿಲ್ಲ. ನನ್ನ ಮೈದುನ ಹಿಂಜವಡಿಯಲ್ಲಿ ಮ್ಯಾನೇಜರ್. ತಲೆ ನರೆತಿದೆ. ಒಂದು ಡಿಸೆಂಬರ್‌ನಲ್ಲಿ ಎಲ್ಲರೂ ಗೋವಾಕ್ಕೆ ಹೋಗಿದ್ದೆವು. ಅಲ್ಲಿ ಬಾಡಿಗೆಗೆ ಬುಲೆಟ್ ತೆಗೆದುಕೊಂಡ. ಕಪ್ಪು ನಂಬರ್ ಪ್ಲೇಟ್ ಮೇಲೆ ಹಳದಿ ಅಕ್ಷರ ಇರುತ್ತದಲ್ಲ, ಆ ಗಾಡಿ. ಹೋಟೆಲ್ ರೂಮಿನಲ್ಲಿ ರಾತ್ರಿಯೆಲ್ಲ ವಿಡಿಯೋ ನೋಡಿದ್ದನಂತೆ. ಬೆಳಿಗ್ಗೆ ಸಿಯೋಲಿಮ್ ಹತ್ತಿರ ಒಂದು ಖಾಲಿ ಮಣ್ಣಿನ ಜಾಗ ಕಂಡಿತು. "ವೈನೀ, ಮೊಬೈಲ್ ಹಿಡೀರಿ, ಈ ಸಲ ಏಳತದ" ಅಂದ. ನಾನು ಹಿಡಿದೆ. ಇಂಜಿನ್ ಕೂಗಿತು, ಹಿಂದಿನ ಗಾಲಿ ಮಣ್ಣು ಎರಚಿತು, ಮುಂದಿನ ಗಾಲಿ ಮಾತ್ರ ಕೂತಲ್ಲಿಂದ ಮಿಸುಕಲಿಲ್ಲ. 195 ಕಿಲೋ ಗಾಡಿ, ಮೇಲೆ ಇವನು. "ತಡೀರಿ, ಕ್ಲಚ್ ಇನ್ನೂ ಸರಿಯಾಗಿ ಬಿಡಬೇಕು" ಅಂತ ಮತ್ತೆ ಮತ್ತೆ ಅದನ್ನೇ ಮಾಡಿದ. ಅತ್ತೆಯವರು ಕಾರಿನಲ್ಲಿ ಕೂತು, "ಅಂವಗ ಏನಾಗೇದ? ಗಾಡಿ ಕೆಟ್ಟದೇನು?" ಅಂತ ಕೇಳುತ್ತಿದ್ದರು. ಕಡೆಗೆ ಹೊಗೆ ಬಂತು. ಸುಟ್ಟ ವಾಸನೆ ಅರ್ಧ ಊರಿಗೆ ಬಡಿದಿರಬೇಕು. ಗೇರ್ ಹಾಕಿದರೆ ಗಾಡಿ ಮುಂದಕ್ಕೇ ಹೋಗಲೊಲ್ಲದು.

ಬಾಡಿಗೆಯವನು ಸ್ಕೂಟರ್ ಮೇಲೆ ಬಂದ. ಬುಲೆಟ್ ಹತ್ತಿರ ಬಗ್ಗಿ ಮೂಸಿದ. ಒಂದು ಮಾತೂ ಕೇಳಲಿಲ್ಲ. ಡೆಪಾಸಿಟ್ ಪೂರ್ತಿ ಹಿಡಿದುಕೊಂಡ, ಮೇಲೆ ಟೆಂಪೋ ಬಾಡಿಗೆ ಬೇರೆ ವಸೂಲು ಮಾಡಿದ. ಕ್ಲಚ್ ಪ್ಲೇಟಿಗೆ ಅಷ್ಟೆಲ್ಲ ಆಗುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು, ಇಡೀ ಜೀವನ ಬಿಲ್ಲು ನೋಡಿದವಳು. ರಸೀದಿ ಕೊಡಿ ಅಂದೆ. ಕೊಂಕಣಿಯಲ್ಲಿ ಏನೋ ಗೊಣಗಿ ಹೋದ. ನನ್ನ ಓರಗಿತ್ತಿ ಗೋವಾದಿಂದ ಪುಣೆಯವರೆಗೆ ಗಂಡನ ಜೊತೆ ಮಾತಾಡಲಿಲ್ಲ. ಆಂಬೋಲಿಯಲ್ಲಿ ಚಹಾಕ್ಕೆ ನಿಂತಾಗಲೂ ಬೇರೆ ಟೇಬಲ್. ಆ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಬೇಜಾರಾದಾಗ ನೋಡುತ್ತೇನೆ.

ಯಾರಿಗೂ ಏನೂ ಆಗಲಿಲ್ಲ, ನಗುವ ಕಥೆಯಾಯಿತು. ಗಾಡಿ ಎದ್ದಿದ್ದರೆ ಬೇರೆ ಥರ ಬರೆಯಬೇಕಾಗುತ್ತಿತ್ತು. ಹಗುರ ಗಾಡಿ ಸಿಕ್ಕಿದ್ದರೆ ಎದ್ದೂ ಬಿಡುತ್ತಿತ್ತೋ ಏನೋ.

ಜಾಗದ ವಿಷಯಕ್ಕೆ ಬಂದರೆ, ನಮ್ಮ ಸೊಸೈಟಿಯಲ್ಲಿ ಸ್ಕೂಟರ್ ನಿಲ್ಲಿಸುವುದಕ್ಕೇ ಜಗಳ ನಡೆಯುತ್ತಿದೆ. ಇರುವ ಮೈದಾನಗಳಲ್ಲಿ ಲಗ್ನದ ಪೆಂಡಾಲು. ಇವರು ಎಲ್ಲಿ ಕಲಿಯುತ್ತಾರೆ ಅಂತ ನನಗಂತೂ ತಿಳಿಯುವುದಿಲ್ಲ.

ಕೊನೆಗೆ ಒಂದು ಉಪಯೋಗದ ಮಾತು, ಸಂಪಾದಕರು ಕಾಯಿದೆ ಬಗ್ಗೆ ಇನ್ನಷ್ಟು ಬರೆಯಿರಿ ಅಂದಿದ್ದಾರೆ. 199ಎ ಕಲಂ 2019ರ ತಿದ್ದುಪಡಿಯಲ್ಲಿ ಬಂದಿದ್ದು. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಕೇಸಾದರೆ, ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತೇ ಇರಲಿಲ್ಲ" ಅಂತ ಪಾರಾಗಬೇಕಾದರೆ ಅದನ್ನು ನೀವೇ ಸಾಬೀತು ಮಾಡಬೇಕು. ಮನೆಯಲ್ಲಿ ಹುಡುಗರು ಓಡಿಸುವ ಗಾಡಿಯ ಆರ್‌ಸಿ ಯಾರ ಹೆಸರಿನಲ್ಲಿದೆ ಅಂತ ಇವತ್ತೇ ತೆಗೆದು ನೋಡಿಕೊಳ್ಳಿ.