ಕೊನೆಯ ಆ ಕಂಪನವನ್ನು ಮೊದಲು ಕಂಡವರು ಸಿ. ವಿ. ವಿಶ್ವೇಶ್ವರ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಗುರುತ್ವ ಅಲೆಯ, ಅಂದರೆ ದೇಶ-ಕಾಲದಲ್ಲೇ ಏಳುವ ಅಲೆಯ, ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅದರಲ್ಲಿ ನಮ್ಮ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿದ್ದು ನನಗೆ ಬಹಳ ಬೇಸರ ತಂದಿತು.

ಆ ಅಲೆಯ ಚಿತ್ರವನ್ನು ಇನ್ನೊಮ್ಮೆ ನೋಡಿ. ಏರುತ್ತಾ ಏರುತ್ತಾ ಹೋದ ಗೆರೆ, ಎರಡು ಕಪ್ಪುಕುಳಿಗಳು (ಬೆಳಕೂ ತಪ್ಪಿಸಿಕೊಳ್ಳಲಾಗದ ಬ್ಲ್ಯಾಕ್ ಹೋಲ್‌ಗಳು) ಒಂದಾದ ಮೇಲೆ ಕೆಲವೇ ಮಿಲಿಸೆಕೆಂಡುಗಳಲ್ಲಿ ನಡುಗಿ ಅಡಗುತ್ತದೆ. ದೇವಸ್ಥಾನದ ಗಂಟೆ ಬಾರಿಸಿ ಬಿಟ್ಟಾಗ ನಾದ ಕರಗುತ್ತದಲ್ಲ, ಹಾಗೆ. 1970ರಲ್ಲೇ ವಿಶ್ವೇಶ್ವರ ಅವರು ಈ ಕಂಪನವನ್ನು ಲೆಕ್ಕ ಹಾಕಿ ತೋರಿಸಿದ್ದರು! ಕಪ್ಪುಕುಳಿಯ ಮೇಲೆ ಅಲೆಗಳನ್ನು ಹಾಯಿಸಿದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡಿದರು. ಅಗಲವಾದ ಅಲೆಗೆ ಅದು ಮಿಡಿಯಲಿಲ್ಲ. ಕಪ್ಪುಕುಳಿಯ ಗಾತ್ರಕ್ಕೆ ಸಮೀಪವಾಗುವಷ್ಟು ಕಿರಿದಾದ ಅಲೆ ಕಳಿಸಿದಾಗ ಈ ಕಂಪನ ಹೊರಬಂತು. ಅದರ ಸ್ವರ, ಅದು ಅಡಗುವ ವೇಗ ಎರಡೂ ಕಪ್ಪುಕುಳಿಯ ತೂಕ ಮತ್ತು ತಿರುಗುವಿಕೆಯನ್ನು ಹೇಳುತ್ತವೆ. ಇಂದು ವಿಜ್ಞಾನಿಗಳು ಅದನ್ನು ಕ್ವಾಸಿ ನಾರ್ಮಲ್ ಮೋಡ್ ಎನ್ನುತ್ತಾರೆ.

ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಇವರೇ. ಶಾಲೆಯಿಂದ ಅಲ್ಲಿಗೆ ಹೋಗಿ ಕತ್ತೆತ್ತಿ ಕೂತಿದ್ದ ನಮಗೆ ಯಾರೂ ಇದನ್ನು ಹೇಳಿರಲಿಲ್ಲ. 2017ರ ಜನವರಿಯಲ್ಲಿ ತೀರಿಕೊಂಡರು. ಲೈಗೋ ಸುದ್ದಿ ಕೇಳುವಷ್ಟು ಕಾಲ ಬದುಕಿದ್ದರು ಎನ್ನುವುದೇ ನನಗೆ ಸಮಾಧಾನ. ದಯವಿಟ್ಟು ಅವರ ಮೇಲೆಯೇ ಒಂದು ಪೂರ್ತಿ ಲೇಖನ ಬರೆಯಿರಿ.