ನೀತಿ ಆಮೇಲೆ, ಮೊದಲು ಆ ಹತ್ತು ನಿಮಿಷ

ರೈತ – ನಾಲ್ವರು ಮಕ್ಕಳು – ದಿನಾ ಜಗಳ – ಕಟ್ಟಿಗೆಯ ಹೊರೆ – ಒಗ್ಗಟ್ಟಿನಲ್ಲಿ ಬಲವಿದೆ. ಈ ಸುಳಿವು ಕೊಟ್ಟು ಕಥೆ ಬರೆಯಿರಿ ಎಂದರೆ ನಮ್ಮೂರಿನ ಏಳನೇ ತರಗತಿಯ ಮಗು ತಡವರಿಸದೆ ಪುಟ ತುಂಬಿಸುತ್ತದೆ. ಗಾದೆ ವಿಸ್ತರಣೆಯ ದಾರಿಯೂ ಇದೇ. ಕೊನೆ ಏನೆಂದು ಮೊದಲೇ ಗೊತ್ತು, ಅಲ್ಲಿಗೆ ಹೋಗಿ ಮುಟ್ಟಿದರೆ ಸಾಕು. ಕ್ಯಾಲಿಫೋರ್ನಿಯಾದ ಮಿಡಲ್ ಸ್ಕೂಲಿನಲ್ಲಿ, ಅಂದರೆ ಆರರಿಂದ ಎಂಟನೇ ತರಗತಿಯವರೆಗೆ, ಕೆಲಸ ಇನ್ನೊಂದು ತುದಿಯಿಂದ ಶುರುವಾಗುತ್ತದೆ. ಮಗು ಮೊದಲು ತನ್ನ ಬದುಕಿನ ಒಂದು ಸಣ್ಣ ಗಳಿಗೆಯನ್ನು ಆರಿಸಿಕೊಳ್ಳಬೇಕು. 'ಬೇಸಿಗೆ ರಜೆ' ನಡೆಯುವುದಿಲ್ಲ, 'ಅಜ್ಜಿ ಮನೆ'ಯೂ ನಡೆಯುವುದಿಲ್ಲ. ಅಜ್ಜಿ ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಕೈಜಾರಿ ಒಡೆದ ಆ ಹತ್ತು ನಿಮಿಷ ನಡೆಯುತ್ತದೆ.

ಕಥನ ಕಲಿಸುವುದರಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಬೇರೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳ ಕಥೆ ಕೆಡುವುದು ಹೆಚ್ಚಾಗಿ ಇಲ್ಲೇ. 'ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ತಿಂಡಿ ತಿಂದು' ಎಂದು ಹೊರಟ ಕಥೆ ರಾತ್ರಿ ಮಲಗುವ ತನಕ ನಿಲ್ಲುವುದಿಲ್ಲ. ಯಾವುದು ಮುಖ್ಯವೆಂದು ಗೊತ್ತಾಗದ ಮಗು ಎಲ್ಲವನ್ನೂ ಹೇಳುತ್ತದೆ. ಅದಕ್ಕೆ ಮದ್ದು ಸುಲಭ. ಮೊದಲ ನಾಲ್ಕು ಸಾಲು ಹೊಡೆದುಹಾಕಿ ಐದನೆಯದರಿಂದ ಓದಿಸಿ. ಹತ್ತರಲ್ಲಿ ಏಳೆಂಟು ಕಥೆಗಳು ಅಲ್ಲಿಂದಲೇ ನೆಟ್ಟಗಾಗುತ್ತವೆ. ಪಾತ್ರಗಳು ಮೂರು ದಾಟದಿರಲಿ. ಐವರು ಸೋದರಸಂಬಂಧಿಗಳು ಒಟ್ಟಿಗೆ ಬಂದರೆ ಹದಿಮೂರು ವರ್ಷದ ಕೈ ಅವರನ್ನು ಹಿಡಿದಿಡಲಾರದು.

ಅಮೆರಿಕದ ಈ ಪದ್ಧತಿಯಲ್ಲೂ ದೋಷಗಳಿವೆ. ಯಾವ ತರಗತಿಯ ಮಗುವಿಗೆ ಏನು ಬರಬೇಕೆಂದು ಹೇಳುವ, ಅಲ್ಲಿನ ಹಲವು ರಾಜ್ಯಗಳು ಒಪ್ಪಿಕೊಂಡ 2010ರ ಕಾಮನ್ ಕೋರ್ ಮಾನದಂಡಗಳು ಆರನೇ ತರಗತಿಗೆ ಸಂಭಾಷಣೆ, ಓಟದ ಹದ, ವರ್ಣನೆ ಇವನ್ನು ಕೇಳುತ್ತವೆ. ಏಳನೆಯದರಿಂದ ಮುಕ್ತಾಯವು ನಡೆದದ್ದರ ಬಗ್ಗೆ ಚಿಂತನೆಯನ್ನೂ ಮಾಡಬೇಕು. ಹಾಗಾಗಿ ಹಿಂಬಾಗಿಲಿನಿಂದ ನೀತಿ ಒಳಗೆ ಬರುತ್ತದೆ. 'ಅಂದಿನಿಂದ ಕುಟುಂಬದ ಬೆಲೆ ಅರಿತೆ' ಎಂಬ ಸಾಲು ಅಲ್ಲಿನ ನೋಟ್‌ಬುಕ್‌ಗಳಲ್ಲೂ ಧಾರಾಳವಾಗಿದೆ. 'ಓದುಗನನ್ನು ಮೊದಲ ಸಾಲಿನಲ್ಲೇ ಹಿಡಿಯಿರಿ, ಸದ್ದಿನಿಂದ ಶುರುಮಾಡಿ' ಎಂಬ ಸೂತ್ರ ಕೊಟ್ಟರೆ ಮೂವತ್ತು ಕಥೆಗಳೂ 'ಢಮಾರ್!' ಎಂದೇ ತೆರೆಯುತ್ತವೆ. ಐದೂ ಇಂದ್ರಿಯಗಳ ಪಟ್ಟಿ ಕೈಗಿಟ್ಟರೆ ಬೇಕೋ ಬೇಡವೋ ಪ್ರತಿ ಪ್ಯಾರಾದಲ್ಲೂ ಒಂದು ವಾಸನೆ.

ಹೊರನಾಡಿನ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಇನ್ನೊಂದು ತೊಡಕಿದೆ. ಮಕ್ಕಳು ಇಂಗ್ಲಿಷ್ ಪಾಠದಲ್ಲಿ ಕಲಿತ ಜೋಡಣೆಯ ಪದಗಳನ್ನು ಹಾಗೇ ಹೊತ್ತು ತರುತ್ತಾರೆ: 'ನಂತರ ನಾನು ಬಾಗಿಲು ತೆಗೆದೆ. ನಂತರ ನಾನು ಓಡಿದೆ. ನಂತರ ನಾನು ಇಣುಕಿದೆ.' ಕನ್ನಡಕ್ಕೆ ಈ ಊರುಗೋಲು ಬೇಡ. ಕ್ರಿಯಾಪದವೇ 'ನಾನು' ಎಂಬುದನ್ನು ಹೊತ್ತಿದೆ, 'ನಂತರ'ದ ಕೆಲಸವನ್ನು 'ತೆಗೆದು', 'ಓಡಿ' ಎಂಬಂಥ ಕೃದಂತಾವ್ಯಯ ಮಾಡುತ್ತದೆ: 'ಬಾಗಿಲು ತೆಗೆದು, ಹಿತ್ತಿಲಿಗೆ ಓಡಿ, ಬಾವಿಕಟ್ಟೆ ಹಿಡಿದು ಇಣುಕಿದೆ.' ಒಂದೇ ಉಸಿರಿನ ಓಟ. ಇದೇ ಜಾಗದಲ್ಲಿ ಕಥೆ ನಿಧಾನಿಸಬೇಕಾದರೆ ಸರಪಳಿಯನ್ನು ಕಡಿಯಬೇಕು: 'ಬಾಗಿಲು ತೆಗೆದೆ. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಹಗ್ಗ ಒದ್ದೆಯಾಗಿತ್ತು. ಇಣುಕಿದೆ.' ಕರ್ನಾಟಕದ ಶಾಲೆಗಳಲ್ಲಿ ಕೃದಂತಾವ್ಯಯವನ್ನು ಗುರುತಿಸಿ ಅಂಕ ಗಳಿಸಲು ಕಲಿಸುತ್ತೇವೆ. ಕಥೆಯ ವೇಗ ಅದರ ಕೈಯಲ್ಲಿದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಎರಡೂ ಸಾಲುಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಗಟ್ಟಿಯಾಗಿ ಓದಿಸಿದರೆ ಒಂದೇ ಪೀರಿಯಡ್ಡಿನಲ್ಲಿ ಮಕ್ಕಳಿಗೆ ತಿಳಿಯುತ್ತದೆ.

ಸಂಭಾಷಣೆಯ ವಿಷಯದಲ್ಲಿ ನಾವು ಮಕ್ಕಳಿಗೆ ಅನ್ಯಾಯವನ್ನೇ ಮಾಡುತ್ತೇವೆ. 'ಎಲ್ಲೋ ಹೋಗಿದ್ದೆ ಇಷ್ಟೊತ್ತು?' ಎಂದು ಬರೆದ ಮಗುವಿನ ಸಾಲನ್ನು 'ನೀನು ಎಲ್ಲಿಗೆ ಹೋಗಿದ್ದೆ?' ಎಂದು ತಿದ್ದುತ್ತೇವೆ. ಆ 'ಎಲ್ಲೋ'ದಲ್ಲಿದ್ದ ಅಮ್ಮ ಆ ಕ್ಷಣವೇ ಮಾಯ. ನಿರೂಪಣೆ ಬರಹದ ಕನ್ನಡದಲ್ಲಿರಲಿ, ಮಾತು ಆಯಾ ಮನೆಯ ಕನ್ನಡದಲ್ಲೇ ಇರಲಿ. 'ರೀ', 'ಕಣೇ', 'ಮಾರಾಯ' ಎಂಬುವೇ ಯಾರು ಯಾರಿಗೆ ಹೇಳಿದ್ದೆಂದು ತಿಳಿಸುತ್ತವೆ, ಪ್ರತಿ ಮಾತಿನ ಹಿಂದೆ 'ಎಂದು ಹೇಳಿದಳು' ಬೇಕಿಲ್ಲ. ಮಾತಾಡುವವರು ಬದಲಾದಾಗ ಹೊಸ ಪ್ಯಾರಾ ಎಂಬ ಇಂಗ್ಲಿಷ್ ತರಗತಿಯ ಕಟ್ಟುನಿಟ್ಟನ್ನು ಮಾತ್ರ ನಾವು ಧಾರಾಳವಾಗಿ ತೆಗೆದುಕೊಳ್ಳಬಹುದು.

ಭಾವನೆಯ ಹೆಸರು ಹೇಳಬೇಡಿ, ಕಾಣಿಸಿ ಎಂದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ. 'ಕೈ ಏನು ಮಾಡಿತು?' ಎಂದು ಕೇಳಿದರೆ ಗೊತ್ತಾಗುತ್ತದೆ. 'ಅಜ್ಜಿಗೆ ತುಂಬಾ ಸಿಟ್ಟು ಬಂತು' ಎಂಬುದು 'ಅಜ್ಜಿ ಮಾತಾಡಲಿಲ್ಲ. ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪೊರಕೆ ತಂದರು' ಎಂದಾಗುತ್ತದೆ. ಒಂದು ಕಥೆಯಲ್ಲಿ ಇಂಥ ಜಾಗ ಎರಡು ಸಾಕು. ಉಳಿದೆಡೆ 'ಸಿಟ್ಟು ಬಂತು' ಎಂದು ನೇರವಾಗಿ ಹೇಳಿ ಮುಂದೆ ಹೋಗಲಿ.

ಬರೆಯುವ ಮುನ್ನ ಬಾಯಲ್ಲಿ ಹೇಳಿಸುವುದು ನಮ್ಮ ಕಡೆಯ ದೊಡ್ಡ ಆಸ್ತಿ. ಅಜ್ಜಿಕಥೆಯ, ಹರಿಕಥೆಯ ನೆಲ ನಮ್ಮದು. ಶಾಲೆ ಅದನ್ನು ಹೊಸ್ತಿಲಾಚೆಗೇ ಬಿಟ್ಟಿದೆ. ಇಬ್ಬಿಬ್ಬರನ್ನು ಕೂರಿಸಿ ಎರಡೆರಡು ನಿಮಿಷ ಹೇಳಿಸಿ. ಕೇಳಿದವನು 'ಆಮೇಲೆ?' ಎಂದ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಲಿ. ಬರೆಯುವಾಗ ಕಥೆಯನ್ನು ನಿಧಾನಿಸಬೇಕಾದದ್ದು ಅಲ್ಲೇ.

ತಿದ್ದಿ ಬರೆಯುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಒಂದು ಸಲ ಬರೆದದ್ದಕ್ಕೆ ಕೆಂಪು ಶಾಯಿ ಬಿದ್ದರೆ ಅಲ್ಲಿಗೆ ಮುಗಿಯಿತು. ಕ್ಯಾಲಿಫೋರ್ನಿಯಾದ ತರಗತಿಗಳಲ್ಲಿ ಮೊದಲ ಕರಡನ್ನು ಒಂದು ಸಾಲು ಬಿಟ್ಟು ಒಂದು ಸಾಲು ಬರೆಸುವುದುಂಟು, ಸೇರಿಸುವುದಕ್ಕೆ ಜಾಗ ಬೇಕಲ್ಲ. ಕಥೆ ತಿದ್ದುವ ದಿನ ಕಾಗುಣಿತ ಮುಟ್ಟಬಾರದು. ಎರಡನ್ನೂ ಒಟ್ಟಿಗೆ ಹಿಡಿದರೆ ಮಗು ಒತ್ತಕ್ಷರ ಸರಿಮಾಡಿ ಕಥೆ ಮುಗಿಯಿತೆಂದುಕೊಳ್ಳುತ್ತದೆ.

'ನಮ್ಮ ತರಗತಿಯಲ್ಲಿ ನಲವತ್ತು ಮಕ್ಕಳು, ಇದೆಲ್ಲ ಆಗದು' ಎಂಬುದು ಊರಿನ ಶಿಕ್ಷಕರ ನ್ಯಾಯವಾದ ಆಕ್ಷೇಪ. ಲೆಕ್ಕ ಹೀಗೆ ಹಾಕಿ ನೋಡಬಹುದು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎಂಟು ನಿಮಿಷ ಪಾಠ, ಇಪ್ಪತ್ತೈದು ನಿಮಿಷ ಬರಹ, ಉಳಿದ ಏಳರಲ್ಲಿ ಇಬ್ಬರು ಓದುವುದು. ಬರಹದ ಹೊತ್ತಿನಲ್ಲಿ ಶಿಕ್ಷಕರು ಐದು ಮಕ್ಕಳ ಪಕ್ಕ ಐದೈದು ನಿಮಿಷ ಕೂತರೆ ಎಂಟು ಪೀರಿಯಡ್ಡಿನಲ್ಲಿ ನಲವತ್ತೂ ಮುಗಿಯುತ್ತವೆ. ವಾರಕ್ಕೆ ಎರಡರಂತೆ ಒಂದು ತಿಂಗಳು, ಒಂದೇ ಕಥೆ. ಆ ಐದು ನಿಮಿಷದಲ್ಲಿ ಪೆನ್ನು ಮಗುವಿನ ಕೈಯಲ್ಲೇ ಇರಲಿ.