ಕೆಟ್ಟಿದ್ದು ವೈರು, ಬಿಲ್ ಹಾಕಿದ್ದು ಸೆನ್ಸರಿಗೆ

ಎರಡು ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಇವತ್ತು ಹೇಳಿಯೇ ಬಿಡುತ್ತೇನೆ.

ವಿಜಯಪುರದಿಂದ ಬಾಗಲಕೋಟೆಗೆ ಹೋಗುವಾಗ ಕೃಷ್ಣೆಯ ಮೇಲೆ ಕೊರ್ತಿ-ಕೋಲ್ಹಾರ ಸೇತುವೆ ಸಿಗುತ್ತದಲ್ಲ, ಅದರ ನಡುಮಧ್ಯೆ ನನ್ನ ಕಾರು ನಿಂತಿತು. ಮೀಟರಿನಲ್ಲಿ ಇದ್ದಬದ್ದ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಇಂಜಿನ್, ಎಬಿಎಸ್, ಸ್ಟೇರಿಂಗ್, ಎಲ್ಲ. ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹಿಂದೆ ಅವ್ವ ಕೂತಿದ್ದಳು. ಅವಳ ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಆ ಹತ್ತು ನಿಮಿಷ ಹೇಗೆ ಕಳೆದೆವು ಅಂತ ನಮಗೇ ಗೊತ್ತು.

ಎಳೆಸಿಕೊಂಡು ಸರ್ವಿಸ್ ಸೆಂಟರಿಗೆ ಬಂದೆ. ಹುಡುಗ ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರ್ ಚುಚ್ಚಿದ. ಪಿ0335 ಅಂತ ದೋಷದ ಕೋಡ್ ಬಂತು. 'ಕ್ರ್ಯಾಂಕ್ ಸೆನ್ಸರ್ ಹೋಗೇತ್ರಿ' ಎಂದ. ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಅದು. ಎರಡು ನಿಮಿಷದ ಕೆಲಸ. 2,900 ರೂಪಾಯಿ ಕೊಟ್ಟು ಬಂದೆ. ನಾಲ್ಕನೇ ದಿನ ಇಂಡಿ ರಸ್ತೆಯಲ್ಲಿ ಮತ್ತೆ ನಿಂತಿತು. ಈ ಸಲ ಯು0100 ಕೂಡ ಬಂತು. 'ಬ್ಯಾಟರಿ ವೀಕ್ ಅದರಿ' ಎಂದರು. 6,400 ಹೋಯಿತು. ಎರಡು ಸಲ ಸ್ಕ್ಯಾನ್ ಮಾಡಿದ್ದಕ್ಕೆ ಬೇರೆ 1,000. ಮೂರನೇ ಸಲ ಹೋದಾಗ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರನ್ನೇ ಬದಲಿಸಬೇಕು, 46,000 ಆಗುತ್ತದೆ ಎಂದರು. ಯಾಕೆ ಅಂತ ಕೇಳಿದರೆ ಒಂದೇ ಮಾತು, 'ಬಿಎಸ್6 ಗಾಡಿರಿ, ಸೆನ್ಸರ್ ಜಾಸ್ತಿ, ಹಿಂಗ ಆಗ್ತದ.' ಬಿಎಸ್6 ಅಂದರೆ ಗಾಡಿಯ ಹೊಗೆಗೆ ಸರಕಾರ ಇಟ್ಟ ಮಿತಿ.

ನನಗೆ ಸಿಟ್ಟು ಬಂದಿದ್ದು ದುಡ್ಡು ಹೋಗಿದ್ದಕ್ಕೆ ಮಾತ್ರ ಅಲ್ಲ. ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನಲ್ಲಿ ತೊಂದರೆ ಅಂತ. ಸರ್ಕ್ಯೂಟ್! ಅದರಲ್ಲಿ ಸೆನ್ಸರ್ ಇದೆ, ಅದರ ವೈರ್ ಇದೆ, ಕನೆಕ್ಟರ್ ಇದೆ, ಕರೆಂಟ್ ಮತ್ತು ಅರ್ಥ್ ಇವೆ. ಯು0100 ಅಂದರೆ ಇಂಜಿನ್ ಕಂಪ್ಯೂಟರಿನ ಜೊತೆ ಮಾತು ನಿಂತಿದೆ ಅಂತ. ಕಂಪ್ಯೂಟರ್ ಸತ್ತಿದೆ ಅಂತಲ್ಲ. ಅದಕ್ಕೆ ಸರಿಯಾಗಿ ಕರೆಂಟ್ ಸಿಗದಿದ್ದರೂ ಅದೇ ಕೋಡ್ ಬರಬಹುದು. ಎಲ್ಲಿ ಹುಡುಕಬೇಕು ಅಂತ ಕೋಡ್ ಹೇಳುತ್ತದೆ. ಹುಡುಕುವ ಕೆಲಸ ಮನುಷ್ಯನದು. ಎಲ್ಲ ದೀಪ ಒಟ್ಟಿಗೆ ಹೊತ್ತಿದರೆ ಎಲ್ಲ ಪಾರ್ಟು ಒಟ್ಟಿಗೆ ಕೆಟ್ಟಿರುತ್ತವಾ? ಎಲ್ಲಕ್ಕೂ ಸೇರಿದ್ದು ಏನಾದರೂ ಕೆಟ್ಟಿರಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲವಾ?

ಕೊನೆಗೆ ಸೋಲಾಪುರ ರಸ್ತೆಯ ಕಡೆ ವಯಸ್ಸಾದ ಒಬ್ಬ ವಾಯರಿಂಗ್ ಕಾಕಾ ಇದ್ದಾರೆ, ಅವರ ಹತ್ತಿರ ಹೋದೆ. ಅವರು ಸ್ಕ್ಯಾನರ್ ಮುಟ್ಟಲೇ ಇಲ್ಲ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಮೈಗೆ ಹಿಡಿದರು. 'ಸೆಲ್ಫ್ ಹೊಡಿ ತಮ್ಮಾ' ಎಂದರು. 1.9 ವೋಲ್ಟ್ ತೋರಿಸಿತು. ಅಲ್ಲಿ 0.2ರ ಆಸುಪಾಸು ಇದ್ದರೆ ಸರಿ. ಜಾಸ್ತಿ ಬಂದರೆ ಎರಡರ ನಡುವಿನ ಅರ್ಥ್ ದಾರಿಯಲ್ಲಿ ಕರೆಂಟಿಗೆ ತಡೆ ಇದೆ ಅಂತ. ಬ್ಯಾಟರಿಯ ಮೈನಸ್ಸಿನಿಂದ ಬರುವ ಅರ್ಥ್ ವೈರ್ ಬಿಚ್ಚಿದರೆ ಬೋಲ್ಟಿನ ಕೆಳಗೆ ಹಸಿರು ಕಿಲುಬು ಹಿಡಿದಿತ್ತು, ಎಳೆಗಳು ಅರ್ಧ ಹರಿದಿದ್ದವು. ಹೊಸ ವೈರ್ ಹಾಕಿ, ಜಾಗ ಉಜ್ಜಿ ಬಿಗಿದರು. 350 ರೂಪಾಯಿ. ಹತ್ತು ದಿನದಲ್ಲಿ ಕೋಲ್ಹಾರಕ್ಕೆ ಎರಡು ಸಲ ಹೋಗಿ ಬಂದೆ. ಒಂದು ದೀಪವೂ ಹೊತ್ತಿಲ್ಲ.

ಕಾಕಾ ಅವರ ಮೀಟರ್ ಏನು ಲಕ್ಷ ರೂಪಾಯಿಯದ್ದಲ್ಲ. ಆ ಸರ್ವಿಸ್ ಸೆಂಟರಿನ ಗೋಡೆಗೆ ಅಂಥ ಎರಡು ನೇತು ಹಾಕಿದ್ದನ್ನು ನಾನೇ ನೋಡಿದ್ದೇನೆ. ಯಾರೂ ಕೈಗೆತ್ತಿಕೊಳ್ಳಲಿಲ್ಲ. ನೀವು ಊಹೆ ಮಾಡುತ್ತೀರಿ, ಊಹೆ ತಪ್ಪಾದಾಗಲೆಲ್ಲ ನಾನು ದುಡ್ಡು ಕೊಡಬೇಕಾ? ಅವ್ವನನ್ನು ಕೂರಿಸಿಕೊಂಡು ಸೇತುವೆ ಮೇಲೆ ನಾನು ನಿಲ್ಲಬೇಕಾ?

ಕಿತ್ತು ತೆಗೆದ ಹಳೆ ಸೆನ್ಸರನ್ನು ಕಾಕಾ ಕೈಗೆ ಕೊಟ್ಟಿದ್ದೆ. ಮತ್ತೆ ಹಾಕಿ ನೋಡಿದರು. ಗಾಡಿ ಅದರಲ್ಲೇ ಚೆನ್ನಾಗಿ ಓಡುತ್ತಿದೆ. ಸೋಮವಾರ ಹೊಸ ಸೆನ್ಸರನ್ನೂ ಬಿಲ್ಲುಗಳನ್ನೂ ಹಿಡಿದುಕೊಂಡು ಸರ್ವಿಸ್ ಸೆಂಟರಿಗೆ ಹೋಗುತ್ತೇನೆ. ಮ್ಯಾನೇಜರ್ ಎದುರು ಕೂತು ಒಂದೇ ಪ್ರಶ್ನೆ ಕೇಳುತ್ತೇನೆ. ಸೆನ್ಸರ್ ಬದಲಿಸುವ ಮೊದಲು ಮೀಟರ್ ಇಟ್ಟು ನೋಡಿದವರು ಯಾರು, ಎಷ್ಟು ವೋಲ್ಟ್ ಬಂತು, ಎಲ್ಲಿ ಬರೆದಿದ್ದೀರಿ ತೋರಿಸಿ.